ಕೇಳಿದ ವಾಕ್ಯ

ಪಂಡಿತರ ಕೈಯಿಂದ ನೆಲಕ್ಕೆ ಬಿದ್ದ ವಸ್ತು ನೆಲದ ಪಾಲಾದಂತೆಯೇ ಸರಿ. ಲೇಖನಿ ಜಾರಿ ಮೇಜಿನ ಕೆಳಗೆ ಉರುಳಿದರೆ ಅವರು ಅದರತ್ತ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ. ಬಿದ್ದದ್ದು ಬೇರೆ ಯಾರದೋ ಎಂಬಂತೆ, ಬೀಳುವುದು ಲೇಖನಿಗಳ ಸಹಜ ಸ್ವಭಾವವೇ ಎಂಬಂತೆ, ಕೈಕಟ್ಟಿ ಕುಳಿತು ಕಿಟಕಿಯಾಚೆಯ ಗೋಡೆಯನ್ನು ನೋಡುತ್ತ, ಕೋಣೆಯಲ್ಲಿದ್ದವರೆಲ್ಲ ಚಹಾಕ್ಕೆಂದು ಎದ್ದುಹೋಗುವವರೆಗೆ ಕಾಯುತ್ತಿದ್ದರು. ಆಮೇಲೆ ಬಾಗಿಲು ಮುಂದೆ ಮಾಡಿ, ಒಬ್ಬರೇ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಯಾರಾದರೂ ಕನಿಕರಪಟ್ಟು ಎತ್ತಿಕೊಟ್ಟರೆ "ಇರಲಿ" ಎನ್ನುತ್ತಿದ್ದರೇ ಹೊರತು ಕೈ ಚಾಚುತ್ತಿರಲಿಲ್ಲ. ಎತ್ತಿಕೊಟ್ಟವರು ಅದನ್ನು ಮೇಜಿನ ಮೇಲಿಟ್ಟು, ತಾವೇ ಏನೋ ತಪ್ಪು ಮಾಡಿದವರಂತೆ ಹಿಂದಿರುಗಬೇಕಾಗುತ್ತಿತ್ತು. ನಾಲ್ಕು ಜನರ ಕಣ್ಣೆದುರು ಸೊಂಟ ಬಗ್ಗಿಸಿದ ಪಂಡಿತರನ್ನು ಆ ಕಚೇರಿಯಲ್ಲಿ ಕಂಡವರಿರಲಿಲ್ಲ. ಬೆನ್ನ ಹಿಂದೆ ಅವರನ್ನು ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದರು.

ಕಚೇರಿಯೆಂದರೆ ನಿಘಂಟಿನ ಕಚೇರಿ. ಹಳೆಯ ಕಟ್ಟಡವೊಂದರ ನೆಲಮಹಡಿ. ಹಗಲಿನಲ್ಲೂ ದೀಪ ಉರಿಸಬೇಕಾದ ಕೋಣೆಗಳು. ಗೋಡೆಗಳ ಉದ್ದಕ್ಕೂ ಮರದ ಡ್ರಾಯರುಗಳು, ಅವುಗಳ ತುಂಬ ಪದಗಳನ್ನು ಬರೆದ ಚೀಟಿಗಳು. ಧೂಳು, ಅಂಟು, ಹಳೆಯ ಕಾಗದ ಎಲ್ಲ ಬೆರೆತ ವಾಸನೆ. ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಪದದ ಅರ್ಥವನ್ನು ಕುಳಿತಲ್ಲೇ ಯೋಚಿಸಿ ಬರೆಯಬಹುದು. ಆದರೆ ಅರ್ಥದ ಕೆಳಗೆ ಉದಾಹರಣೆಯಾಗಿ ಕೊಡುವ ಪ್ರಯೋಗವನ್ನು ಮಾತ್ರ ಯಾರೂ ಕುಳಿತಲ್ಲೇ ಹೊಸೆಯುವಂತಿರಲಿಲ್ಲ. ಅದು ನಿಜವಾದ ಮನುಷ್ಯನೊಬ್ಬ ಇನ್ನೊಬ್ಬನಿಗೆ ಆಡಿದ, ಬರೆಯುವವನು ಸ್ವಂತ ಕಿವಿಯಿಂದ ಕೇಳಿದ ಮಾತಾಗಿರಬೇಕು. ಕೇಳಿದ ವಾಕ್ಯ ಎಂದೇ ಅದಕ್ಕೆ ಹೆಸರು. ಹಾಗಾಗಿ ಅಲ್ಲಿನ ಸಿಬ್ಬಂದಿಯೆಲ್ಲ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆಯ ಜಗಳದಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡೇ ಬದುಕುತ್ತಿದ್ದರು. ಹೆಂಡತಿ ಬೈದರೆ ಬೇಸರಪಡುವ ಮೊದಲು ಬೈಗುಳ ಯಾವ ಅಕ್ಷರಕ್ಕೆ ಸೇರುತ್ತದೆಂದು ನೋಡುವಷ್ಟು ಅವರಿಗೆ ಇದು ಮೈಗೆ ಹತ್ತಿತ್ತು. ಪಂಡಿತರಂತೂ ಈ ಪದ್ಧತಿಯ ಪರಮನಿಷ್ಠರು. ಕಲ್ಪಿಸಿ ಬರೆದ ವಾಕ್ಯ ಯಾರದಾದರೂ ಚೀಟಿಯಲ್ಲಿ ನುಸುಳಿದರೆ, "ಇದನ್ನ ಯಾರೂ ಆಡಿಲ್ಲ" ಎಂದು ಬೆರಳ ತುದಿಯಿಂದ ಹಿಂದಕ್ಕೆ ಸರಿಸುತ್ತಿದ್ದರು.

ಅವರ ಕೋಟಿನ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತೆಯೇ ಆಗುವುದಿಲ್ಲ. ಕೊರಳವರೆಗೆ ಗುಂಡಿ ಹಾಕುವ ಕಪ್ಪು ಕೋಟು. ಬೆವರು ಕಿವಿಯ ಹಿಂದಿನಿಂದ ಧಾರೆಯಾಗಿ ಇಳಿಯುವ ಬೇಸಿಗೆಯಲ್ಲೂ ಒಂದು ಗುಂಡಿ ಬಿಚ್ಚಿದ್ದಿಲ್ಲ. ಹೊರಗಿನಿಂದ ನೋಡಿದರೆ ನ್ಯಾಯಾಧೀಶರ ಕಳೆ. ಒಳಗಿನ ಅಸ್ತರು ಮಾತ್ರ ಹರಿದು, ತೇಪೆಯ ಮೇಲೆ ತೇಪೆ ಬಿದ್ದು, ಮೂಲ ಬಟ್ಟೆ ಯಾವುದೆಂದು ಹೊಲಿದವಳಿಗೇ ಮರೆತುಹೋಗಿತ್ತು. ಹೊಲಿದವಳು ಅವರ ಹೆಂಡತಿ. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಜೆಯ ಹೊತ್ತು ಕೋಟನ್ನು ಮಗುಚಿ ತೊಡೆಯ ಮೇಲೆ ಹರಡಿಕೊಂಡು ಹೊಲಿಯುತ್ತ, ಒಳಗಡೆ ಯಾರು ನೋಡುತ್ತಾರೆ ಬಿಡಿ ಎಂದು ಆಕೆ ನಗುತ್ತಿದ್ದಳು. ಆ ನಗು ಗಂಡನ ಮೇಲೆಯೇ ಎಂಬುದು ಗಂಡನಿಗೂ ಗೊತ್ತಿತ್ತು, ಅದರಲ್ಲಿ ವಿಷವಿಲ್ಲವೆಂಬುದೂ ಗೊತ್ತಿತ್ತು.

ನಡಿಗೆಯೂ ಕೋಟಿಗೆ ತಕ್ಕದ್ದೇ. ಬಸ್ಸು ಹೊರಡುವ ಸದ್ದು ಮಾಡುತ್ತಿದ್ದರೂ, ನಿರ್ವಾಹಕ ಬಾಗಿಲಲ್ಲಿ ಜೋತುಬಿದ್ದು ಬೇಗ ಬನ್ನಿ ಯಜಮಾನ್ರೇ ಎಂದು ಕರೆದರೂ ಅವರ ಹೆಜ್ಜೆ ಹೆಜ್ಜೆಯಾಗಿಯೇ ಇರುತ್ತಿತ್ತು. ಬಸ್ಸು ಹೋಗಿಯೇಬಿಟ್ಟರೆ ತಾವು ಅದಕ್ಕಾಗಿ ಬಂದವರೇ ಅಲ್ಲವೆಂಬಂತೆ ನಿಲ್ದಾಣವನ್ನೂ ದಾಟಿ ನಡೆದು, ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತಿದ್ದರು. ಬಡ್ತಿಯ ಸರದಿ ಬಂದಾಗ ಒಂದು ಅರ್ಜಿ ಬರೆದುಕೊಟ್ಟರೆ ಸಾಕೆಂದು ಪ್ರಧಾನ ಸಂಪಾದಕರೇ ಹೇಳಿಕಳಿಸಿದ್ದರು. ಅರ್ಜಿ ಎಂಬ ಪದಕ್ಕೆ ಸೊಗಸಾದ ಅರ್ಥ ಬರೆದಿದ್ದ ಆ ಮನುಷ್ಯ ತನಗಾಗಿ ಮಾತ್ರ ಅರ್ಜಿ ಬರೆಯಲಿಲ್ಲ. ಬಡ್ತಿ ಕಿರಿಯನೊಬ್ಬನ ಪಾಲಾಯಿತು. ಇರಲಿ ಎಂದರು. ಮಾತಿನ ಮೊದಲಿಗೆ, ಮಾತಿನ ಕೊನೆಗೆ, ಮಾತೇ ಬೇಡದ ಕಡೆಗೂ ಅವರಿಗೆ ಈ 'ಇರಲಿ' ಬೇಕು. ಲೋಕ ತಮ್ಮಿಂದ ಏನನ್ನು ಕಿತ್ತುಕೊಂಡರೂ ಅದನ್ನು ತಾವೇ ಉದಾರವಾಗಿ ಕೊಟ್ಟಂತೆ ಮಾಡುವ ಶಕ್ತಿ ಆ ಒಂದು ಪದಕ್ಕಿತ್ತು.

ಇದನ್ನು ಜಂಬವೆಂದವರು ಬಹಳ. ಜಂಬವಲ್ಲ, ಭಯ. ಪಂಡಿತರ ತಂದೆ ದೊಡ್ಡ ಮನುಷ್ಯರ ಕ್ಲಬ್ಬೊಂದರಲ್ಲಿ ಪರಿಚಾರಕನಾಗಿದ್ದ. ಕಾಲೇಜಿನ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ದಿನ, ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ, ಪಂಡಿತರು ಕ್ಲಬ್ಬಿನವರೆಗೂ ಓಡಿಹೋಗಿದ್ದರು. ಅವರು ಓಡಿದ್ದು ಅದೇ ಕೊನೆ. ಬಾಗಿಲಲ್ಲಿ ನಿಂತು ನೋಡಿದರೆ, ಅಪ್ಪ ಮೇಜಿನಡಿ ಮಂಡಿಯೂರಿ ತೆವಳುತ್ತಿದ್ದಾನೆ. ಯಾರೋ ಬೇಕೆಂದೇ ಬೀಳಿಸಿದ ಸಿಗರೇಟಿನ ಡಬ್ಬಿಯನ್ನು ಒಬ್ಬ ಬೂಟಿನಿಂದ ಈಚೆಗೆ ತಳ್ಳುತ್ತಾನೆ, ಇನ್ನೊಬ್ಬ ಆಚೆಗೆ. ಅಪ್ಪ ಅದರ ಬೆನ್ನು ಹತ್ತಿದ್ದಾನೆ. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಸಹಿಸಲು ಆಗದೇಹೋದದ್ದು ಅದೇ. ಸುದ್ದಿ ಹೇಳದೆ ಹಿಂದಿರುಗಿದ ಆ ಯುವಕ ದಾರಿಯುದ್ದಕ್ಕೂ ನೆಟ್ಟಗೆ ನಡೆದ, ಆಮೇಲೆ ಬದುಕಿನುದ್ದಕ್ಕೂ ನೆಟ್ಟಗೆ ನಡೆದ.

ಇಂಥವರಿಗೆ ಸಿಕ್ಕ ಬಾಮೈದನನ್ನು ನೋಡಬೇಕು. ಹೆಂಡತಿಯ ತಮ್ಮ, ಬಸ್ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರ ದುಂಬಾಲು ಬಿದ್ದು ಅವರನ್ನು ಅಗ್ಗದ ವಸತಿಗೃಹಗಳಿಗೆ ಕರೆದೊಯ್ಯುವುದು ಅವನ ಕಸುಬು. ಹಲ್ಲು ಗಿಂಜುವುದೇ ಅವನ ಬಂಡವಾಳ. ಛೀ ಎಂದರೆ ನಗುತ್ತಿದ್ದ. ಹೋಗಯ್ಯಾ ಎಂದರೆ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬರುತ್ತಿದ್ದ. ಪೆಟ್ಟಿಗೆಯಿಂದ ತಿವಿದರೆ ಆ ಪೆಟ್ಟಿಗೆಯನ್ನೇ ಕಸಿದು ತಲೆಯ ಮೇಲಿಟ್ಟುಕೊಂಡು ನಡೆದುಬಿಡುತ್ತಿದ್ದ. ಆದರೆ ಅಕ್ಕನ ಮನೆ ನಡೆಯುತ್ತಿದ್ದುದು ಅವನಿಂದ. ನಲ್ಲಿಯಲ್ಲಿ ನೀರು ನಿಂತುಹೋದರೆ ನೀರಿನವರನ್ನು ಕಾಡಿ ಬೇಡಿ ಕರೆತರುವವನು ಅವನು. ಮನೆ ಖಾಲಿ ಮಾಡಿ ಎಂದ ಮಾಲೀಕನ ಹೊಸ್ತಿಲಲ್ಲಿ ಇಡೀ ದಿನ ಕುಕ್ಕರಗಾಲಲ್ಲಿ ಕೂತು, ಹೋಗಿ ಬರುವವರಿಗೆಲ್ಲ ಅಕ್ಕಭಾವಂದಿರ ಕಷ್ಟ ಹೇಳಿಕೊಂಡು, ಮಾಲೀಕನೇ ನಾಚಿ ಮಾತು ಹಿಂತೆಗೆದುಕೊಳ್ಳುವಂತೆ ಮಾಡಿದವನೂ ಅವನೇ. ಪಂಡಿತರು ಆ ಮನೆಯಲ್ಲಿಯೇ ವಾಸವಾಗಿದ್ದರು, ಆ ನೀರನ್ನೇ ಕುಡಿಯುತ್ತಿದ್ದರು, ಮತ್ತು ಬಾಮೈದ ಬಂದಾಗಲೆಲ್ಲ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ ಅದೇ ಒಂದು ಮಾತು ಹೇಳುತ್ತಿದ್ದರು.

"ಮಾನಗೇಡಿ ಥರ ಕಂಡಕಂಡವರ ಕಾಲು ಹಿಡೀಬೇಡ."

"ಆಯ್ತು ಭಾವ, ನಾಳೆಯಿಂದ ಬಿಡ್ತೀನಿ" ಎಂದು ಅವನು ಪ್ರತಿಸಲವೂ ಮಾತು ಕೊಡುತ್ತಿದ್ದ. ಅಕ್ಕ ಒಳಗಿನಿಂದ ನಗುತ್ತಿದ್ದಳು.

ನಿಘಂಟು 'ಮ' ಅಕ್ಷರಕ್ಕೆ ಬಂದಾಗ ಮಾನಗೇಡಿ ಎಂಬ ಪದ ಪಂಡಿತರ ಪಾಲಿಗೇ ಬಂತು. ಬೈಗುಳವಲ್ಲವೇ ಎಂದು ಬೇರೆಯವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರೇನೋ. ಇವರು ಅದರ ಮೇಲೆ ವಾರಗಟ್ಟಲೆ ಕೂತರು. ಚೀಟಿಗಳನ್ನು ಓದುವ ಸಭೆಯಲ್ಲಿ ಅವರು ಕೊಟ್ಟ ವಿವರಣೆಯನ್ನು ಅಲ್ಲಿದ್ದವರು ಬಹಳ ಕಾಲ ನೆನೆಯುತ್ತಿದ್ದರು. ಭಂಡನಿಗೆ ನಾಚಿಕೆಯಿಲ್ಲ, ಇಲ್ಲವೆಂಬ ಹೆಮ್ಮೆಯೂ ಅವನಿಗುಂಟು. ಲಜ್ಜೆಗೇಡಿಗೆ ನಾಚಿಕೆ ಎಂಬುದು ಹುಟ್ಟಿಯೇ ಇಲ್ಲ. ಮಾನಗೇಡಿ ಹಾಗಲ್ಲ, ಅವನ ಬಳಿ ಒಂದು ಕಾಲಕ್ಕೆ ಮಾನವಿತ್ತು, ಕೈಯಾರೆ ಕೆಡಿಸಿಕೊಂಡ. ಆದ್ದರಿಂದ ಅವನಿಗೆ ಕ್ಷಮೆಯಿಲ್ಲ. ಹೀಗೆಂದು ಅರ್ಥವನ್ನು ಓದಿದರು: ಸ್ವಂತ ಲಾಭಕ್ಕಾಗಿ ಇತರರೆದುರು ತನ್ನನ್ನು ತಾನೇ ಇಳಿಸಿಕೊಂಡು ಮಾನ ಕಳೆದುಕೊಂಡವನು. ಪ್ರಯೋಗಕ್ಕೆ ಮನೆಯಲ್ಲಿ ದಿನನಿತ್ಯ ಆಡುತ್ತಿದ್ದ ಆ ಮಾತನ್ನೇ ಕೊಟ್ಟರು. ಎಲ್ಲಿ ಕೇಳಿದ್ದು ಎಂದು ಪ್ರಧಾನ ಸಂಪಾದಕರು ಕೇಳಿದ್ದಕ್ಕೆ ಒಂದು ಮನೆಯಲ್ಲಿ ಎಂದರು. ಸುಳ್ಳೇನಲ್ಲ, ಆಡಿದ ಬಾಯಿಯೂ ಅವರದೇ, ಕೇಳಿದ ಕಿವಿಯೂ ಅವರದೇ. ಸಭೆ ಒಪ್ಪಿತು.

ಸಂಪುಟ ಅಚ್ಚಿನ ಮನೆಗೆ ಹೋಗಿ, ಕರಡು ಪ್ರತಿ ಇನ್ನೂ ಬಂದಿರದ ದಿನಗಳಲ್ಲಿ, ಒಂದು ಬೆಳಿಗ್ಗೆ ಅವರ ಹೆಂಡತಿ ಕೋಟಿನ ಮೇಲೆ ಸೂಜಿ ಬಿಟ್ಟು ಎದೆ ಹಿಡಿದುಕೊಂಡಳು. ಉಸಿರು ಒಳಗೆ ಹೋಗಲೊಲ್ಲದು. ನೆರೆಯವರು ಬಾಡಿಗೆ ಕಾರು ಕರೆತಂದರು. ಪಂಡಿತರು ಅರ್ಧ ಹೊಲಿದ ಕೋಟನ್ನೇ ತೊಟ್ಟು, ಕೊರಳವರೆಗೂ ಗುಂಡಿ ಹಾಕಿ, ಆಕೆಯನ್ನು ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು.

ಉದ್ದನೆಯ ಕಾರಿಡಾರು; ಎರಡೂ ಪಕ್ಕ ರೋಗಿಗಳು, ಬೆಂಚಿನ ಮೇಲೆ, ಸ್ಟ್ರೆಚರಿನ ಮೇಲೆ, ಬರಿ ನೆಲದ ಮೇಲೆ. ಕೊನೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಯಾರು ಯಾವಾಗ ಒಳಗೆ ಹೋಗಬೇಕೆಂದು ನಿರ್ಧರಿಸುವ ಒಬ್ಬ ಗುಮಾಸ್ತೆ. ಹೆಸರು ಬರೆಸಿ ಕಾಯಿರಿ ಎಂದ. ಪಂಡಿತರು ಹೆಸರು ಬರೆಸಿ, ಸ್ಟ್ರೆಚರಿನ ಪಕ್ಕದ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಆಮೇಲೆ ಬಂದವರು ಗುಮಾಸ್ತೆಯ ತೋಳು ಜಗ್ಗಿದರು, ಅತ್ತರು, ಎದೆ ಬಡಿದುಕೊಂಡರು, ಮೇಜು ಗುದ್ದಿದರು. ಅವರವರ ರೋಗಿಗಳು ಒಬ್ಬೊಬ್ಬರಾಗಿ ಒಳಗೆ ಹೋದರು. ಪಂಡಿತರು ಸರದಿಯನ್ನು ನಂಬಿದ್ದರು. ಸರದಿ ಎಂಬ ಪದದ ಅರ್ಥವನ್ನು ಬಲ್ಲವರು ಆ ಕಾರಿಡಾರಿನಲ್ಲಿ ಅವರೊಬ್ಬರೇ ಇದ್ದಿರಬೇಕು.

ಸುದ್ದಿ ತಿಳಿದು ಬಾಮೈದ ಬಸ್ ನಿಲ್ದಾಣದಿಂದ ಓಡಿಬಂದ. ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಹೋಗಿತ್ತು. ಅಕ್ಕನ ಮುಖ ನೋಡಿದವನೇ ನೇರ ಮೇಜಿನ ಹತ್ತಿರ ಹೋಗಿ, ಗುಂಪನ್ನು ಮೊಣಕೈಯಿಂದ ಸೀಳಿ, ಗುಮಾಸ್ತೆಯ ಕಾಲಿಗೆ ಅಡ್ಡಬಿದ್ದು, ನಮ್ಮಕ್ಕ ಸಾಯ್ತಾ ಇದ್ದಾಳೆ ಅಪ್ಪಾಜಿ ಎಂದು ಇಡೀ ಕಾರಿಡಾರು ತಿರುಗಿ ನೋಡುವ ಹಾಗೆ ಗೋಗರೆದ. ಗುಮಾಸ್ತೆ ಕಾಲು ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕೊನೆಗೆ ಕುರ್ಚಿಯಿಂದ ಅರ್ಧ ಎದ್ದು, ಎಲ್ಲಿ ನಿನ್ನ ಪೇಷಂಟು ಎಂದು ಕೇಳಿದ.

ಅದೇ ಗಳಿಗೆಯಲ್ಲಿ ಪಂಡಿತರ ಕಣ್ಣು ಎದುರು ಬೆಂಚಿನ ಮೇಲೆ ಬಿತ್ತು. ಅಲ್ಲಿ ಅವರಿಗೆ ಕಾಲೇಜಿನಲ್ಲಿ ಪಾಠ ಹೇಳಿದ, ಈಗ ಹಣ್ಣುಹಣ್ಣು ಮುದುಕರಾದ ಪ್ರಾಧ್ಯಾಪಕರು ಕುಳಿತು, ಕನ್ನಡಕ ಸರಿಪಡಿಸಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಮೇಜಿನಡಿ ತೆವಳುತ್ತಿದ್ದ ಅಪ್ಪ ಮತ್ತೆ ಕಣ್ಣ ಮುಂದೆ ಬಂದ. ಪಂಡಿತರು ಎದ್ದು ಹೋಗಿ, ಬಾಮೈದನ ಅಂಗಿಯ ಕಾಲರು ಹಿಡಿದು ಮೇಲೆತ್ತಿದರು.

"ಹೊರಗೆ ಹೋಗು. ನಾನಿದ್ದೀನಿ. ನನ್ನ ಮರ್ಯಾದೆ ಕಳೀಬೇಡ."

ಗುಮಾಸ್ತೆ ಮತ್ತೆ ಕುರ್ಚಿಯಲ್ಲಿ ಕುಳಿತುಕೊಂಡ. ಎಷ್ಟೋ ಬಾಗಿಲುಗಳಿಂದ ನೂಕಿಸಿಕೊಂಡು ಅವೇ ಬಾಗಿಲುಗಳಿಂದ ಒಳಗೆ ಬಂದವನು ಬಾಮೈದ. ಅಂದು ಅವನನ್ನು ತಡೆದದ್ದು ಆಸ್ಪತ್ರೆಯ ಕಾವಲುಗಾರನಲ್ಲ, ಭಾವನ ಮಾತು. ಭಾವ ಓದಿದವರು, ಅವರಿಗೆ ಬೇರೆ ದಾರಿ ಗೊತ್ತಿರಬೇಕು ಎಂದುಕೊಂಡು ಅವನು ಹೊರಗೆ ಹೋಗಿ, ಗೇಟಿನ ಸರಳು ಹಿಡಿದು ನಿಂತ.

ಹೆಂಡತಿ ಅವನೆಲ್ಲಿ ಎಂದು ಕೇಳಿದಳು. ಹೊರಗಿದ್ದಾನೆ ಎಂದರು. ಆಕೆ ಅವರ ಮುಖವನ್ನೇ ನೋಡಿದಳು. ಇಷ್ಟು ವರ್ಷ ಒಳಗಡೆಯ ಹರಕನ್ನು ಹೊಲಿದ ಕೈಯಿಂದ ಅವರ ಕೋಟಿನ ತುದಿಯನ್ನು ಹಿಡಿದು, ಉಸಿರು ಕೂಡಿಸಿಕೊಂಡು, ಮೆಲ್ಲಗೆ ಹೇಳಿದಳು:

"ಒಂದು ಸಲ ಮಾನಗೇಡಿ ಆಗಿ. ನನಗೋಸ್ಕರ."

ಪಂಡಿತರು ಎದ್ದರು. ಎದ್ದು ಮೇಜಿನವರೆಗೂ ಹೋದರು. ಕೂಗಬೇಕೆಂದೇ ಹೋದದ್ದು. ಬಾಯಿ ತೆರೆದರು; ಹೊರಗೆ ಬಂದದ್ದು, ದಯವಿಟ್ಟು ಇತ್ತ ಸ್ವಲ್ಪ ಗಮನ ಕೊಡಬೇಕು ಎಂಬ ಒಂದು ಶುದ್ಧವಾದ, ಸ್ವರ ಏರದ, ಯಾರಿಗೂ ಕೇಳಿಸದ ವಾಕ್ಯ. ಗುಂಪು ಅವರನ್ನು ಹಿಂದಕ್ಕೆ ತಳ್ಳಿತು. ಇನ್ನೊಮ್ಮೆ ಪ್ರಯತ್ನಿಸಿದರು. ಮಂಡಿ ಬಗ್ಗಲೊಲ್ಲದು, ದನಿ ಏಳಲೊಲ್ಲದು. ಇಷ್ಟು ವರ್ಷ ಕಟ್ಟಿದ ಗೋಡೆ ಅವರನ್ನೇ ಒಳಗೆ ಹಾಕಿ ಮುಚ್ಚಿಕೊಂಡಿತ್ತು. ಹಿಂದಿರುಗಿ ಬಂದು, ಹೇಳಿದ್ದೀನಿ, ಈಗ ಕರೀತಾರಂತೆ ಎಂದು ಹೆಂಡತಿಗೆ ಸುಳ್ಳು ಹೇಳಿದರು. ಆಕೆ ನಂಬಿದಳೋ ಇಲ್ಲವೋ, ಕೋಟಿನ ತುದಿಯನ್ನು ಮಾತ್ರ ಬಿಡಲಿಲ್ಲ. ಸರದಿ ಬಂದು ಹೆಸರು ಕೂಗಿದಾಗ, ಆಗಲೇ ತಣ್ಣಗಾಗಿದ್ದ ಆ ಬೆರಳುಗಳನ್ನು ದಾದಿಯೊಬ್ಬಳು ಬಿಡಿಸಬೇಕಾಯಿತು.

ದಾದಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಇಷ್ಟು ಹೊತ್ತು ಸುಮ್ನೆ ಕೂತಿದ್ರಾ? ಒಂದು ಸಲ ಕೂಗಬಾರದಿತ್ತಾ?"

ಪಂಡಿತರು ಬಾಯಿ ತೆರೆದರು. ಅಭ್ಯಾಸಬಲದಿಂದ ಬಂದದ್ದು ಅದೇ ಪದ: "ಇರಲಿ."

ಬಾಮೈದ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಕ್ಕನನ್ನು ಸ್ಮಶಾನಕ್ಕೆ ಕಳಿಸಿಕೊಡುವ ಕೆಲಸವನ್ನೆಲ್ಲ ಅವನೇ ನಿಂತು, ಕಂಡವರ ಕೈಕಾಲು ಹಿಡಿದು ಮುಗಿಸಿದ. ಪಂಡಿತರು ಆಗಲೂ ನೆಟ್ಟಗೆ ನಿಂತಿದ್ದರು. ಎಷ್ಟು ಗಟ್ಟಿ ಜೀವ ನೋಡಿ ಎಂದು ಬಂದವರು ಮೆಚ್ಚಿಕೊಂಡು ಹೋದರು. ಕಚೇರಿಗೆ ಮರಳಿದ ಮೇಲೆ ಕೋಟಿನ ಅಸ್ತರು ಅಂಚಿನಿಂದ ಕೆಳಗೆ ಜೋತಾಡತೊಡಗಿದ್ದನ್ನು ಎಲ್ಲರೂ ಕಂಡರು. ಯಾರೂ ಹೇಳಲಿಲ್ಲ.

ಕರಡು ಪ್ರತಿ ಬಂತು. ಕೊನೆಯ ತಿದ್ದುಪಡಿಯ ಸಭೆಯಲ್ಲಿ ಪಂಡಿತರು ಎದ್ದು ನಿಂತು, ಮಾನಗೇಡಿ ಎಂಬ ಪದಕ್ಕೆ ಎರಡು ಬದಲಾವಣೆ ಬೇಕೆಂದರು. ಅರ್ಥದಲ್ಲಿರುವ 'ಸ್ವಂತ ಲಾಭಕ್ಕಾಗಿ' ಎಂಬುದನ್ನು ತೆಗೆಯಬೇಕು; ಪ್ರಯೋಗಕ್ಕೆ ಬೇರೆ ವಾಕ್ಯ ಹಾಕಬೇಕು. ಹೊಸ ಚೀಟಿಯನ್ನು ತೆಗೆದು ತಮ್ಮ ಎಂದಿನ ಸಮಸ್ವರದಲ್ಲಿ ಓದಿದರು: ಒಂದು ಸಲ ಮಾನಗೇಡಿ ಆಗಿ, ನನಗೋಸ್ಕರ.

ಬಡ್ತಿ ಪಡೆದಿದ್ದ ಕಿರಿಯ ಸಂಪಾದಕ ವಿನಯದಿಂದಲೇ ತಲೆಯಾಡಿಸಿದ. ಪ್ರಯೋಗ ಸಹಜವಾಗಿಲ್ಲ, ಮಾನಗೇಡಿ ಆಗು ಎಂದು ಯಾರೂ ಯಾರನ್ನೂ ಕೇಳಿಕೊಳ್ಳುವುದಿಲ್ಲ ಎಂದ. ಆಮೇಲೆ ಪಂಡಿತರಿಂದಲೇ ಕಲಿತ ಮಾತನ್ನು ಪಂಡಿತರಿಗೇ ಹೇಳಿದ:

"ಇದನ್ನ ಯಾರೂ ಆಡಿಲ್ಲ ಅನ್ಸುತ್ತೆ, ಸರ್."

ಕೇಳಿದ್ದೇನೆ ಎಂದರು ಪಂಡಿತರು. ಯಾರು ಯಾರಿಗೆ ಹೇಳಿದ್ದು ಎಂಬ ಪ್ರಶ್ನೆ ಬಂತು. ಅವರು ಚೀಟಿಯನ್ನು ಇನ್ನೊಮ್ಮೆ ಓದಿದರು. ಪುಟ ಕಟ್ಟಿಯಾಗಿದೆ, ಒಂದು ಸಾಲು ಅಲುಗಿಸಿದರೆ ಮುಂದಿನ ಪುಟಗಳೆಲ್ಲ ಅಲುಗುತ್ತವೆ ಎಂದು ಪ್ರಧಾನ ಸಂಪಾದಕರು ಸಮಾಧಾನದ ಧ್ವನಿಯಲ್ಲಿ ಹೇಳಿ ಮುಂದಿನ ಪದಕ್ಕೆ ಹೋಗಲು ಹಾಳೆ ತಿರುವಿದರು. ಪಂಡಿತರ ಕೈಯಿಂದ ಚೀಟಿ ಜಾರಿ ಕೆಳಗೆ ಬಿತ್ತು. ಮೇಜಿನಡಿ ತೇಲಿ ಪ್ರಧಾನ ಸಂಪಾದಕರ ಕುರ್ಚಿಯ ಬಳಿ ಹೋಯಿತು. ಎಲ್ಲರೂ ನೋಡುತ್ತಿದ್ದಂತೆ ಪಂಡಿತರು ಬಗ್ಗಿದರು. ಬಗ್ಗಿ, ಮಂಡಿಯೂರಿ, ಅಸ್ತರನ್ನು ನೆಲದ ಮೇಲೆ ಎಳೆಯುತ್ತ ಮೇಜಿನಡಿ ತೆವಳಿ ಅದನ್ನು ಹೆಕ್ಕಿಕೊಂಡರು, ಆದರೆ ಏಳಲಿಲ್ಲ.

"ಒಂದೇ ಒಂದು ವಾಕ್ಯ. ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದನ್ನ ಹಾಕಿಸಿ."

ಪಂಡಿತರು ಅತ್ತರು, ದನಿ ಎತ್ತಿ ಅತ್ತರು, ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಲ್ಲುವ ಹಾಗೆ ಅತ್ತರು. ಪ್ರಧಾನ ಸಂಪಾದಕರು ಕಾಲುಗಳನ್ನು ಕುರ್ಚಿಯ ಹಿಂದಕ್ಕೆ ಎಳೆದುಕೊಂಡರು. ಅವರು ಕೆಟ್ಟವರಲ್ಲ, ಪಂಡಿತರ ಮೇಲೆ ಅವ್ಯಾಜ ಗೌರವವಿದ್ದವರು. ಆ ಗೌರವವನ್ನು ಉಳಿಸಬೇಕೆಂದೇ ಅವರು ಹೇಳಿದರು:

"ಏಳಿ ಪಂಡಿತರೇ. ಇದು ನಿಮ್ಮ ಘನತೆಗೆ ತಕ್ಕದ್ದಲ್ಲ."

ವಾಕ್ಯ ಬದಲಾಗಲಿಲ್ಲ. ಇಂದಿಗೂ ಆ ಸಂಪುಟವನ್ನು ತೆರೆದವರಿಗೆ ಕಾಣುವುದು ಹಳೆಯ ಪ್ರಯೋಗವೇ. ಕಂಡಕಂಡವರ ಕಾಲು ಹಿಡಿಯಬೇಡ ಎಂದು ಯಾರೋ ಯಾರಿಗೋ ಬುದ್ಧಿ ಹೇಳುತ್ತಿರುತ್ತಾರೆ.

ಅಂದು ಸಂಜೆ ಪಂಡಿತರು ಬಸ್ ನಿಲ್ದಾಣಕ್ಕೆ ಹೋದರು. ಬಾಮೈದ ಕಟ್ಟೆಯ ಮೇಲೆ ಜಾಗ ಒರೆಸಿ ಕೂರಿಸಿದ. ನಡೆದದ್ದನ್ನೆಲ್ಲ ಪಂಡಿತರು ಅವನಿಗೆ ಹೇಳಿದರು, ಆಸ್ಪತ್ರೆಯಲ್ಲಿ ಅಕ್ಕ ಆಡಿದ ಮಾತನ್ನೂ ಮೊದಲ ಬಾರಿಗೆ ಹೇಳಿದರು. ಅವನು ತನ್ನ ಕಸುಬಿನ ಗುಟ್ಟನ್ನು ಕಸುಬು ಗೊತ್ತಿಲ್ಲದವನಿಗೆ ಹೇಳಿಕೊಡುವ ಹಾಗೆ ಮೆತ್ತಗೆ ಹೇಳಿದ:

"ಒಂದೇ ಸಲ ಕೇಳಿ ಎದ್ದು ಬಂದ್ರಾ ಭಾವ? ಬೇಡ ಅಂದ್ಮೇಲೇನೇ ಅಲ್ವಾ ಕೇಳೋದು ಶುರು ಆಗೋದು."

ಅಷ್ಟರಲ್ಲಿ ಒಂದು ಬಸ್ಸು ಒಳಗೆ ಬಂತು. ಅವನು ಕಣ್ಣೊರೆಸಿಕೊಂಡು, ಹಲ್ಲು ಗಿಂಜಿಕೊಂಡು ಅದರ ಹಿಂದೆ ಓಡಿದ. ಇಳಿದವನೊಬ್ಬ ಅವನ ಎದೆಗೆ ಕೈಯಿಟ್ಟು ನೂಕುವುದನ್ನು, ಅವನು ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಮುಂದೆ ಬರುವುದನ್ನು ಪಂಡಿತರು ಕಟ್ಟೆಯ ಮೇಲಿನಿಂದ ನೋಡುತ್ತ ಕುಳಿತರು.

ಪಂಡಿತರಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರು ಯಾರಿಗೂ ಕೈ ಚಾಚುವುದಿಲ್ಲ, ಯಾರ ಋಣದಲ್ಲೂ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿರುತ್ತಾರೆ, ಮತ್ತು ನಾವು ಅವರನ್ನು ನೋಡಿ ನಮ್ಮ ಬೆನ್ನನ್ನೂ ಸ್ವಲ್ಪ ನೆಟ್ಟಗೆ ಮಾಡಿಕೊಳ್ಳುತ್ತೇವೆ. ಅವರು ಹಾಗೆ ನಿಲ್ಲಬೇಕಾದರೆ ಅವರ ಮನೆಯಲ್ಲಿ ಬೇರೆ ಯಾರೋ ಬಗ್ಗಿರಲೇಬೇಕು. ಒಬ್ಬಳು ಬಗ್ಗಿ ಕೋಟಿನ ಒಳಗನ್ನು ಹೊಲಿಯುತ್ತಿರುತ್ತಾಳೆ, ಒಬ್ಬ ಹೊರಗೆ ಯಾರದೋ ಕಾಲು ಹಿಡಿದಿರುತ್ತಾನೆ. ನಿಂತವರನ್ನು ಗೌರವಸ್ಥರೆಂದು ಕರೆಯುತ್ತೇವೆ, ಕಾಲು ಹಿಡಿದವನಿಗೆ ಇನ್ನೊಂದು ಹೆಸರು ಕೊಡುತ್ತೇವೆ, ಎರಡನ್ನೂ ನಿಘಂಟಿನಲ್ಲಿ ಬರೆದಿಡುತ್ತೇವೆ. ಬಗ್ಗುವುದನ್ನು ಪಂಡಿತರಂಥವರೂ ಕೊನೆಗೆ ಕಲಿಯದೇ ಇರುವುದಿಲ್ಲ. ಆದರೆ ಯಾರಿಗಾಗಿ ಬಗ್ಗಬೇಕಾಗಿತ್ತೋ ಅವರು ಅದನ್ನು ನೋಡಲು ಇರುವುದಿಲ್ಲ.